ಹದಿನಾಲ್ಕನೆಯ ವಾರ

2013ರ ಜನವರಿ 24, ನಸುಕಿನ ಮೂರು ಗಂಟೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಉಳಿದವರೆಲ್ಲ ಮಲಗಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಆಗಿನ್ನೂ ಹಿಂದಿನ ದಿನದ ಮಧ್ಯಾಹ್ನ, ಆ್ಯಪಲ್ ಕಂಪನಿ ತನ್ನ ತ್ರೈಮಾಸಿಕ ಫಲಿತಾಂಶ ಪ್ರಕಟಿಸುವ ಹೊತ್ತು. ನಾನು ವೃತ್ತಿಯಿಂದ ಲೆಕ್ಕ ಬರೆಯುವವನು. ಅಷ್ಟು ದೊಡ್ಡ ಕಂಪನಿಯೊಂದು ಮೂರು ತಿಂಗಳಿಗೊಮ್ಮೆ ತನ್ನ ಕಿರ್ದಿಯನ್ನು ಎಲ್ಲರ ಮುಂದೆ ಬಿಚ್ಚಿಡುತ್ತದೆ ಎನ್ನುವುದೇ ನನಗೆ ಆಗ ದೊಡ್ಡ ಆಕರ್ಷಣೆ. ಆ ಕಂಪನಿಯ ಒಂದು ಷೇರೂ ನನ್ನ ಹತ್ತಿರ ಇರಲಿಲ್ಲ. ಆದರೂ ಎದ್ದು ಕೂರುತ್ತಿದ್ದೆ.

ಮಾರಾಟ 54.5 ಶತಕೋಟಿ ಡಾಲರ್. ಹಿಂದಿನ ವರ್ಷ ಇದೇ ತ್ರೈಮಾಸಿಕದಲ್ಲಿ ಅದು 46.3 ಇತ್ತು. ಮಾರಿದ ಐಫೋನುಗಳು 4.78 ಕೋಟಿ, ಹಿಂದಿನ ವರ್ಷ 3.70 ಕೋಟಿ. ನಿವ್ವಳ ಲಾಭ ಮಾತ್ರ ಎರಡೂ ವರ್ಷ ಹೆಚ್ಚುಕಡಿಮೆ 13.1 ಶತಕೋಟಿ. ಮರುದಿನದ ವಹಿವಾಟು ಮುಗಿಯುವ ಹೊತ್ತಿಗೆ ಷೇರಿನ ಬೆಲೆ ಶೇಕಡಾ 12ಕ್ಕಿಂತ ಹೆಚ್ಚು ಕುಸಿದಿತ್ತು. ಕಂಪನಿಯ ಸಂಸ್ಥಾಪಕರಲ್ಲಿ ಒಬ್ಬರಾದ ಸ್ಟೀವ್ ಜಾಬ್ಸ್ ತೀರಿಕೊಂಡು ಒಂದೂಕಾಲು ವರ್ಷವಾಗಿತ್ತು. ಕಂಪನಿಯ ಒಳ್ಳೆಯ ದಿನಗಳು ಮುಗಿದವು ಎಂದು ಬರೆಯುವವರಿಗೆ ಆ ವಾರ ಬಿಡುವೇ ಇರಲಿಲ್ಲ. ಅವರು ಬರೆದದ್ದನ್ನು ನಾನೂ ನಂಬಿದೆ.

ಆ ಭಾನುವಾರ ಶಿರಸಿಗೆ ಫೋನ್ ಮಾಡಿದಾಗ ಅಪ್ಪಯ್ಯನಿಗೆ ಇದನ್ನು ಹೇಳಿದೆ. ಶಿರಸಿಯಲ್ಲಿ ನಮ್ಮದು ಬಟ್ಟೆ ಅಂಗಡಿ. ಮಗ ದೂರದ ಊರಿನಲ್ಲಿ ಯಾವ ಲೆಕ್ಕ ನೋಡುತ್ತಾನೆ ಎಂದು ತಿಳಿದುಕೊಳ್ಳುವ ಆಸೆ ಅವರಿಗೆ ಯಾವಾಗಲೂ ಇತ್ತು. ಮಾರಾಟ ಹೆಚ್ಚಾಗಿದೆ, ಲಾಭ ಇದ್ದಲ್ಲೇ ಇದೆ, ಎಲ್ಲರೂ ಹೆದರಿದ್ದಾರೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

"ತಮ್ಮಾ, ಎರಡೂ ಎಷ್ಟೆಷ್ಟು ದಿನದ ಲೆಕ್ಕ?"

"ಎರಡೂ ಮೂರು ತಿಂಗಳದ್ದೇ ಅಪ್ಪಯ್ಯ."

"ತಿಂಗಳು ಸರಿ. ದಿನ ಎಷ್ಟು?"

ನನ್ನ ಹತ್ತಿರ ಉತ್ತರವಿರಲಿಲ್ಲ. ಅವರು ಯಾಕೆ ಹಾಗೆ ಕೇಳಿದರು ಎಂಬುದು ಮಾತ್ರ ಗೊತ್ತಿತ್ತು. ಸರ್ಕಾರಕ್ಕೆ ಕೊಡುವ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಅಪ್ಪಯ್ಯ ತಮಗಾಗಿ ಬರೆದುಕೊಳ್ಳುತ್ತಿದ್ದ ಕಿರ್ದಿ ಬಲಿಪಾಡ್ಯಮಿಯಿಂದ ಬಲಿಪಾಡ್ಯಮಿಗೆ. ಪಾಡ್ಯದ ದಿನ ಹೊಸ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿ ಮೊದಲ ಪುಟ ಬರೆಯುತ್ತಿದ್ದರು. ಚಾಂದ್ರಮಾನದ ವರ್ಷಕ್ಕೆ ಸುಮಾರು 354 ದಿನ. ಅಧಿಕ ಮಾಸ ಬಂದ ವರ್ಷದಲ್ಲಿ 384. 2012ರಲ್ಲಿ ಅಧಿಕ ಭಾದ್ರಪದ ಬಂದಿತ್ತು. ಆಗಷ್ಟೇ ಮುಗಿದಿದ್ದ ಅವರ ವರ್ಷ, ಅಂದರೆ 2011ರ ಅಕ್ಟೋಬರ್ 27ರಿಂದ 2012ರ ನವೆಂಬರ್ 13ರವರೆಗಿನದು, ಹದಿಮೂರು ತಿಂಗಳದ್ದು. ಅಂಥ ವರ್ಷದ ಪುಟದ ಅಂಚಿನಲ್ಲಿ ಅವರು ಕೆಂಪು ಶಾಯಿಯಲ್ಲಿ "ಅಧಿಕ" ಎಂದು ಬರೆಯುತ್ತಿದ್ದರು. ಮುಂದಿನ ವರ್ಷ ಮೊತ್ತ ಇಳಿದಂತೆ ಕಂಡರೆ ಗಾಬರಿಯಾಗಬಾರದು ಎಂದು ತಮಗೆ ತಾವೇ ಬರೆದುಕೊಂಡ ಎಚ್ಚರಿಕೆ ಅದು.

ಫೋನ್ ಇಟ್ಟು ಆ್ಯಪಲ್‌ನ ಪ್ರಕಟಣೆಯನ್ನು ಮತ್ತೆ ತೆಗೆದೆ. ಮೊದಲ ಪುಟದಲ್ಲೇ ಇತ್ತು: ಈ ತ್ರೈಮಾಸಿಕಕ್ಕೆ 13 ವಾರ, ಹಿಂದಿನ ವರ್ಷದ್ದಕ್ಕೆ 14 ವಾರ. ವಾರದ ಸರಾಸರಿ ಮಾರಾಟ 3.3 ಶತಕೋಟಿಯಿಂದ 4.2 ಶತಕೋಟಿಗೆ ಏರಿದೆ ಎಂದು ಕಂಪನಿ ತಾನೇ ಲೆಕ್ಕ ಮಾಡಿ ಕೊಟ್ಟಿತ್ತು. ಆ ಸಾಲನ್ನು ನಾನು ನಸುಕಿನಲ್ಲಿ ಓದಿಯೂ ದಾಟಿ ಹೋಗಿದ್ದೆ.

ಆ್ಯಪಲ್‌ನ ಆರ್ಥಿಕ ವರ್ಷ ಸೆಪ್ಟೆಂಬರ್ ತಿಂಗಳ ಕೊನೆಯ ಶನಿವಾರ ಮುಗಿಯುತ್ತದೆ. ತ್ರೈಮಾಸಿಕಕ್ಕೆ 13 ವಾರದಂತೆ ವರ್ಷಕ್ಕೆ 52 ವಾರ, 364 ದಿನ. ಸೂರ್ಯನ ವರ್ಷ ಅದಕ್ಕಿಂತ ಒಂದೆರಡು ದಿನ ಉದ್ದ. ಈ ಕೊರತೆ ಸೇರುತ್ತಾ ಹೋದಾಗ ಐದಾರು ವರ್ಷಕ್ಕೊಮ್ಮೆ ಮೊದಲ ತ್ರೈಮಾಸಿಕಕ್ಕೆ ಒಂದು ವಾರ ಸೇರಿಸುತ್ತಾರೆ. 2011, 2016, 2022ರ ಡಿಸೆಂಬರ್ ತ್ರೈಮಾಸಿಕಗಳು ಹೀಗೆ 14 ವಾರದವು. ನಮ್ಮ ಪಂಚಾಂಗದವರು ಚಂದ್ರನ ತಿಂಗಳುಗಳನ್ನು ಸೂರ್ಯನ ವರ್ಷಕ್ಕೆ ಹೊಂದಿಸಲು ಮಾಡುವ ಉಪಾಯವನ್ನೇ ಅವರು ವಾರಗಳ ಮಟ್ಟದಲ್ಲಿ ಮಾಡುತ್ತಾರೆ. ಅಪ್ಪಯ್ಯನಿಗೆ ಇದು ಗೊತ್ತಿರಲಿಲ್ಲ. ಲೆಕ್ಕ ಹೋಲಿಸುವ ಮೊದಲು ದಿನ ಎಣಿಸಬೇಕು ಎಂಬುದಷ್ಟೇ ಗೊತ್ತಿತ್ತು.

ವಾರಕ್ಕೆ ಭಾಗಿಸಿದರೆ ಮಾರಾಟದ ಏರಿಕೆ ಶೇಕಡಾ 18ರಿಂದ 27ಕ್ಕೆ ಹೋಗುತ್ತದೆ. ಉತ್ಸಾಹದಿಂದ ಮತ್ತೆ ಫೋನ್ ಮಾಡಿ ಹೇಳಿದೆ. ಅವರು ಅಷ್ಟಕ್ಕೇ ಒಪ್ಪಲಿಲ್ಲ. ಅಧಿಕ ಮಾಸ ಎಲ್ಲ ಮಾಸಗಳಂಥದ್ದಲ್ಲ ಎಂದರು. ಆ ತಿಂಗಳು ಮದುವೆ, ಉಪನಯನ ನಡೆಯುವುದಿಲ್ಲ. ಬಟ್ಟೆ ಅಂಗಡಿಗೆ ಅದು ನೊಣ ಹೊಡೆಯುವ ತಿಂಗಳು. ವರ್ಷದ ಮೊತ್ತವನ್ನು ಹದಿಮೂರರಿಂದ ಭಾಗಿಸಿದರೆ ಉಳಿದ ಹನ್ನೆರಡು ತಿಂಗಳ ದುಡಿಮೆ ಇದ್ದುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಹೆಚ್ಚಿನ ದಿನ ಎಲ್ಲಿ ಬಿತ್ತು, ಅಂದು ವ್ಯಾಪಾರ ಹೇಗಿತ್ತು ಎಂಬುದನ್ನೂ ನೋಡಬೇಕು.

ನೋಡಿದೆ. ಹಿಂದಿನ ವರ್ಷದ ತ್ರೈಮಾಸಿಕ 2011ರ ಸೆಪ್ಟೆಂಬರ್ 25ರಿಂದ ಡಿಸೆಂಬರ್ 31ರವರೆಗೆ. ಈ ವರ್ಷದ್ದು 2012ರ ಸೆಪ್ಟೆಂಬರ್ 30ರಿಂದ ಡಿಸೆಂಬರ್ 29ರವರೆಗೆ. ಅಂದರೆ ಹೆಚ್ಚಿನ ಏಳು ದಿನಗಳಲ್ಲಿ ಐದು ಬಿದ್ದದ್ದು ಸೆಪ್ಟೆಂಬರ್ ಕೊನೆಯಲ್ಲಿ. 2011ರಲ್ಲಿ ಹೊಸ ಐಫೋನ್ 4ಎಸ್ ಅಂಗಡಿಗೆ ಬಂದದ್ದು ಅಕ್ಟೋಬರ್ 14ಕ್ಕೆ. ಹೊಸದು ಬರುತ್ತದೆ ಎಂದು ಜನ ಕಾದು ಕುಳಿತಿದ್ದ ಮಂದ ದಿನಗಳು ಅವು, ಅಂಗಡಿಯ ಅಧಿಕ ಮಾಸ. ಹಾಗಾಗಿ 14ರಿಂದ ಭಾಗಿಸಿದಾಗ ಹಳೆಯ ವರ್ಷಕ್ಕೆ ಸ್ವಲ್ಪ ಅನ್ಯಾಯವಾಗುತ್ತದೆ. ಇನ್ನೊಂದು ಕಡೆ, 2012ರ ಐಫೋನ್ 5 ಸೆಪ್ಟೆಂಬರ್ 21ಕ್ಕೇ ಬಂದು, ಮೊದಲ ಮೂರೇ ದಿನಗಳಲ್ಲಿ 50 ಲಕ್ಷಕ್ಕಿಂತ ಹೆಚ್ಚು ಮಾರಾಟವಾಗಿ, ಆ ಭರಾಟೆಯೆಲ್ಲ ಅದರ ಹಿಂದಿನ ತ್ರೈಮಾಸಿಕದ ಪಾಲಾಗಿತ್ತು. ಇದು ಹೊಸ ವರ್ಷಕ್ಕೆ ಆದ ಅನ್ಯಾಯ. ಎರಡನ್ನೂ ತೂಗಿ ಕರಾರುವಾಕ್ಕಾದ ಒಂದೇ ಸಂಖ್ಯೆ ಹೇಳಲು ನನ್ನಿಂದ ಆಗಲಿಲ್ಲ, ಇವತ್ತಿಗೂ ಆಗುವುದಿಲ್ಲ. ಶೇಕಡಾ 18 ಮತ್ತು 27, ಎರಡನ್ನೂ ಪಕ್ಕಪಕ್ಕ ಬರೆದುಕೊಳ್ಳುತ್ತೇನೆ.

ಹೆದರಿದವರಿಗೆ ಕಾರಣವೇ ಇರಲಿಲ್ಲ ಎಂದು ಹೇಳಿದರೆ ತಪ್ಪಾಗುತ್ತದೆ. ನೂರು ಡಾಲರ್ ಮಾರಾಟದಲ್ಲಿ, ಸರಕಿನ ವೆಚ್ಚ ಕಳೆದು ಕೈಯಲ್ಲಿ ಉಳಿಯುವುದು ಒಂದು ವರ್ಷದಲ್ಲಿ 44.7ರಿಂದ 38.6ಕ್ಕೆ ಇಳಿದಿತ್ತು. ವಾರದ ಲೆಕ್ಕದಲ್ಲಿ ಮಾರಾಟ ಕಾಲು ಭಾಗಕ್ಕಿಂತ ಹೆಚ್ಚು ಏರಿದ್ದರೂ ಲಾಭ ಏರಿದ್ದು ಶೇಕಡಾ 8ರಷ್ಟು ಮಾತ್ರ. ಹೊಸ ಸರಕುಗಳನ್ನು ತಯಾರಿಸುವ ಖರ್ಚು ಜಾಸ್ತಿಯಾಗಿತ್ತು, ಆಗಷ್ಟೇ ಬಂದಿದ್ದ ಐಪ್ಯಾಡ್ ಮಿನಿಯಲ್ಲಿ ಉಳಿಯುವ ಲಾಭ ಕಡಿಮೆಯಿತ್ತು. ಮುಂದಿನ ತ್ರೈಮಾಸಿಕದಲ್ಲಿ ಲಾಭ 11.6ರಿಂದ 9.5 ಶತಕೋಟಿಗೆ ನಿಜವಾಗಿಯೇ ಇಳಿಯಿತು. ಮಾರುಕಟ್ಟೆ ಹೆದರಿದ್ದಕ್ಕೆ ಆಧಾರವಿತ್ತು, ಆದರೆ ಪತ್ರಿಕೆಗಳು ಅದಕ್ಕೆ ಕೊಟ್ಟ ಕಾರಣ ಬೇರೆಯಾಗಿತ್ತು. ಫೋನು ಕೊಳ್ಳುವವರು ಕಡಿಮೆಯಾಗುತ್ತಿದ್ದಾರೆ ಎಂದು ಅವು ಬರೆದವು. ಮಾರಾಟವಾದ ಫೋನುಗಳು ಒಂದು ಕೋಟಿಯಷ್ಟು ಹೆಚ್ಚಾಗಿದ್ದವು.

ಆ ಜನವರಿಯಲ್ಲಿ, ಫಲಿತಾಂಶಕ್ಕೆ ಮೊದಲೇ ಇನ್ನೊಂದು ಸುದ್ದಿ ಓಡಾಡಿತ್ತು. ಐಫೋನ್ 5ರ ಪರದೆಗಳಿಗೆ ಕೊಟ್ಟ ಆರ್ಡರನ್ನು ಕಂಪನಿ ಕಡಿತ ಮಾಡಿದೆ, ಆದ್ದರಿಂದ ಬೇಡಿಕೆ ಬಿದ್ದಿದೆ ಎಂದು. ಟಿಮ್ ಕುಕ್ ಫಲಿತಾಂಶದ ದಿನ ಇದಕ್ಕೆ ಉತ್ತರ ಕೊಟ್ಟರು: ಒಂದೇ ಬಿಡಿಭಾಗ ಹಲವರಿಂದ ಬರುತ್ತದೆ, ತಯಾರಿಕೆಯಲ್ಲಿ ಹಾಳಾಗುವ ಪ್ರಮಾಣ ಬದಲಾಗುತ್ತದೆ, ಮೊದಲೇ ಇದ್ದ ದಾಸ್ತಾನು ಬೇರೆ ಬೇರೆ ಇರುತ್ತದೆ, ಹೀಗಾಗಿ ಅಂಥ ಒಂದು ಮಾಹಿತಿ ನಿಜವೇ ಆಗಿದ್ದರೂ ಅದರಿಂದ ಇಡೀ ವ್ಯಾಪಾರದ ಬಗ್ಗೆ ತೀರ್ಮಾನಕ್ಕೆ ಬರಲಾಗದು ಎಂಬುದು ಅವರ ಮಾತಿನ ಸಾರ. ಕಂಪನಿಯ ಮುಖ್ಯಸ್ಥ ಹೇಳಿದ್ದನ್ನೆಲ್ಲ ನಾನು ನಂಬುವವನಲ್ಲ. ಇದನ್ನು ನಂಬುತ್ತೇನೆ, ಯಾಕೆಂದರೆ ನಮ್ಮ ಅಂಗಡಿಯ ಮುಂದೆ ಹುಬ್ಬಳ್ಳಿಯ ಲಾರಿಯಿಂದ ಇಳಿಯುವ ಗಂಟುಗಳನ್ನು ಎಣಿಸಿ ನಮ್ಮ ವ್ಯಾಪಾರ ಅಳೆಯಲು ಹೊರಟವರನ್ನು ಕಂಡಿದ್ದೇನೆ. ಗಂಟು ಕಡಿಮೆ ಬಂದ ವಾರ ಹಳೆಯ ಮಾಲು ಚೆನ್ನಾಗಿ ಖರ್ಚಾಗುತ್ತಿರಬಹುದು, ಠೋಕು ವ್ಯಾಪಾರಿಯನ್ನು ಬದಲಾಯಿಸಿರಬಹುದು, ಮಳೆಗೆ ಘಟ್ಟದ ರಸ್ತೆ ಕುಸಿದಿರಬಹುದು.

ಮಾಲು ಅಂಗಡಿ ದಾಟಿದ ಮೇಲಿನ ಕತೆ ಇನ್ನೂ ಸೂಕ್ಷ್ಮ. ಅಪ್ಪಯ್ಯ ಚಿಲ್ಲರೆ ವ್ಯಾಪಾರದ ಜೊತೆಗೆ ಸುತ್ತಲಿನ ಹಳ್ಳಿಗಳ ಪುಟ್ಟ ಅಂಗಡಿಗಳಿಗೂ ಉದ್ರಿಯ ಮೇಲೆ ಮಾಲು ಕೊಡುತ್ತಿದ್ದರು. ಕಿರ್ದಿಯಲ್ಲಿ ಅದು ಕೊಟ್ಟ ದಿನವೇ ಮಾರಾಟ. ಆದರೆ ಆ ಸೀರೆ ಬನವಾಸಿಯ ಅಂಗಡಿಯ ಕಪಾಟಿನಲ್ಲೇ ಮಡಿಚಿಕೊಂಡು ಕೂತಿರಬಹುದು, ಮುಂದಿನ ಸಲ ಆ ಅಂಗಡಿಯವರು ಏನೂ ಕೊಳ್ಳದೆ ಹೋಗಬಹುದು. ಆ್ಯಪಲ್‌ನ ಮಾರಾಟದಲ್ಲಿ ಶೇಕಡಾ 60ರಷ್ಟಾದರೂ ಇಂಥದ್ದೇ: ಮೊಬೈಲ್ ಸೇವಾ ಕಂಪನಿಗಳು, ಸಗಟು ವ್ಯಾಪಾರಿಗಳು, ಇತರ ಮಳಿಗೆಗಳ ಮೂಲಕ. ಅವರ ಕೈಗೆ ಮಾಲು ದಾಟಿದಾಗಲೇ ಅದು ಕಂಪನಿಯ ಪುಸ್ತಕದಲ್ಲಿ ಮಾರಾಟ. ಅದಕ್ಕಾಗಿಯೇ ಆ ವರ್ಷಗಳಲ್ಲಿ ಐಫೋನಿನ ದಾಸ್ತಾನು ಹೊರಗಿನ ಅಂಗಡಿಗಳಲ್ಲಿ ಇಂತಿಷ್ಟು ವಾರದಷ್ಟು ಇರಬೇಕೆಂಬ ತಮ್ಮ ಗುರಿಯನ್ನು ಅಧಿಕಾರಿಗಳು ಫಲಿತಾಂಶದ ದಿನ ಫೋನಿನಲ್ಲಿ ನಡೆಸುವ ಸಭೆಯಲ್ಲಿ ಹೇಳುತ್ತಿದ್ದರು. ಪ್ರಶ್ನೋತ್ತರದಲ್ಲಿ ಆ ಮಾತು ಬಂದಾಗ ನಾನು ಪೆನ್ನು ಹಿಡಿಯುತ್ತಿದ್ದೆ.

ಜಾತ್ರೆಯ ವಿಷಯ ಹೇಳದೆ ಶಿರಸಿಯ ಅಂಗಡಿಯ ಲೆಕ್ಕ ಪೂರ್ತಿಯಾಗುವುದಿಲ್ಲ. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆಯ ಆ ವಾರ ಊರಿಗೆ ಊರೇ ಹೊಸ ಬಟ್ಟೆ ಉಡುತ್ತದೆ, ನೆಂಟರಿಗೂ ಉಡಿಸುತ್ತದೆ. ಜಾತ್ರೆಯ ವರ್ಷದ ಪಕ್ಕದಲ್ಲಿ ಇಟ್ಟರೆ ಮರುವರ್ಷದ ಮಾರ್ಚ್ ಯಾವಾಗಲೂ ಸೋತಂತೆ ಕಾಣುತ್ತದೆ. ಅಪ್ಪಯ್ಯ ಅದನ್ನು ಹಿಂದಿನ ವರ್ಷದೊಂದಿಗೆ ಹೋಲಿಸುತ್ತಲೇ ಇರಲಿಲ್ಲ. ಒಂದು ವರ್ಷ ದಾಟಿ, ಅದರ ಹಿಂದಿನ ಜಾತ್ರೆಯಿಲ್ಲದ ವರ್ಷದ ಪುಟ ತಿರುವುತ್ತಿದ್ದರು.

2016ರ ಏಪ್ರಿಲ್ 26ರಂದು ಆ್ಯಪಲ್ ಹದಿಮೂರು ವರ್ಷಗಳಲ್ಲಿ ಮೊದಲ ಬಾರಿಗೆ ಮಾರಾಟದ ಕುಸಿತ ವರದಿ ಮಾಡಿದಾಗ ನನಗೆ ನೆನಪಾದದ್ದು ಆ ಪುಟ ತಿರುವುವ ಕೈ. 58.0 ಶತಕೋಟಿ ಇದ್ದದ್ದು 50.6 ಆಗಿತ್ತು. ಐಫೋನ್ 6.12 ಕೋಟಿಯಿಂದ 5.12 ಕೋಟಿಗೆ. ಒಂದು ಕೋಟಿ ಫೋನು ಕಡಿಮೆ ಎಂದರೆ ಸಣ್ಣ ಮಾತಲ್ಲ. ಆದರೆ ಹಿಂದಿನ ವರ್ಷ ಯಾವ ವರ್ಷ? ಐಫೋನ್ 6 ಬಂದ ಬೆನ್ನಿಗಿನ ವರ್ಷ. ದೊಡ್ಡ ಪರದೆಯ ಫೋನಿಗಾಗಿ ಕಾದಿದ್ದವರೆಲ್ಲ ಒಟ್ಟಿಗೇ ಕೊಂಡ ವರ್ಷ, ಅಂದರೆ ಜಾತ್ರೆಯ ವರ್ಷ. ಅದನ್ನು ದಾಟಿ 2014ರ ಅದೇ ತ್ರೈಮಾಸಿಕ ನೋಡಿದರೆ ಅಲ್ಲಿ 4.37 ಕೋಟಿ ಫೋನು, 45.6 ಶತಕೋಟಿ ಮಾರಾಟ. ಎರಡು ವರ್ಷದಲ್ಲಿ ಫೋನುಗಳು ಶೇಕಡಾ 17ರಷ್ಟು ಹೆಚ್ಚಾಗಿದ್ದವು. ಐಫೋನ್ 6 ಬರದೇ ಇದ್ದಿದ್ದರೆ ಈ ಎರಡು ವರ್ಷದ ಏರಿಕೆಯನ್ನು ನಿಧಾನವಾದರೂ ಗಟ್ಟಿಯಾದ ಬೆಳವಣಿಗೆ ಎಂದು ಜನ ಹೊಗಳುತ್ತಿದ್ದರು.

2018ರ ನವೆಂಬರ್ 1ರ ವಿಷಯಕ್ಕೆ ಬಂದರೆ ನನಗೆ ಈಗಲೂ ಸಮಾಧಾನವಿಲ್ಲ. ಅಂದು ಕಂಪನಿಯ ಹಣಕಾಸು ಮುಖ್ಯಸ್ಥ ಲೂಕಾ ಮೇಸ್ಟ್ರಿ, ಇನ್ನು ಮುಂದೆ ಎಷ್ಟು ಫೋನು ಮಾರಿದೆವೆಂದು ಹೇಳುವುದಿಲ್ಲ, ಬಂದ ಹಣವನ್ನಷ್ಟೇ ಹೇಳುತ್ತೇವೆ ಎಂದರು. ಅಂಗಡಿಯಲ್ಲಿ ತಳ್ಳುಗಾಡಿ ತುಂಬಿಸಿ ತಂದಾಗ ಅದರಲ್ಲಿ ಎಷ್ಟು ಸಾಮಾನಿದೆ ಎನ್ನುವುದು ಮುಖ್ಯವಲ್ಲ, ಒಟ್ಟು ಬೆಲೆ ಮುಖ್ಯ ಎಂಬರ್ಥದ ಹೋಲಿಕೆಯನ್ನು ಕುಕ್ ಕೊಟ್ಟರು. ಅದೇ ತ್ರೈಮಾಸಿಕದಲ್ಲಿ ಮಾರಿದ್ದು 4.69 ಕೋಟಿ ಫೋನು, ಹಿಂದಿನ ವರ್ಷ 4.67 ಕೋಟಿ, ಅಂದರೆ ನಿಂತ ನೀರು. ಆದರೆ ಒಂದು ಫೋನಿನ ಸರಾಸರಿ ಬೆಲೆ 618 ಡಾಲರಿನಿಂದ 793ಕ್ಕೆ ಏರಿತ್ತು, ಆದ್ದರಿಂದ ಹಣ ಶೇಕಡಾ 29 ಹೆಚ್ಚು ಬಂದಿತ್ತು.

ಅಪ್ಪಯ್ಯನ ಪುಸ್ತಕದಲ್ಲಿ ಪ್ರತಿ ಸಾಲಿಗೂ ಎರಡು ಕಾಲಮ್ ಇರುತ್ತಿದ್ದವು, ಮೀಟರ್ ಮತ್ತು ರೂಪಾಯಿ. ರೂಪಾಯಿ ಏರುತ್ತ ಮೀಟರ್ ನಿಂತರೆ ಗಿರಾಕಿ ಅಷ್ಟೇ ಇದ್ದಾನೆ, ಅವನಿಂದ ಹೆಚ್ಚು ತೆಗೆದುಕೊಳ್ಳುತ್ತಿದ್ದೇವೆ ಎಂದರ್ಥ. ಅದರಲ್ಲಿ ತಪ್ಪಿಲ್ಲ, ಅದಕ್ಕೊಂದು ಮಿತಿಯಿದೆ ಅಷ್ಟೆ. ಮೀಟರಿನ ಕಾಲಮ್ಮನ್ನೇ ಅಳಿಸಿದರೆ ಆ ಮಿತಿ ಹತ್ತಿರವಾದದ್ದು ಕಾಣುವುದಿಲ್ಲ. ಸಂಖ್ಯೆ ಏರುತ್ತಿದ್ದಷ್ಟು ದಿನ ಹೆಮ್ಮೆಯಿಂದ ಹೇಳಿ, ನಿಂತಾಗ ಮುಚ್ಚಿಟ್ಟದ್ದು ನನಗೆ ಸರಿ ಕಾಣಲಿಲ್ಲ. ಅದು ಅವರ ಹಕ್ಕು, ನಿಜ. ಓದುವವನಿಗೆ ಆದ ನಷ್ಟವೂ ನಿಜ.

ಎರಡೇ ತಿಂಗಳಿಗೆ, 2019ರ ಜನವರಿ 2ರಂದು, ಕುಕ್ ಹೂಡಿಕೆದಾರರಿಗೆ ಪತ್ರ ಬರೆದರು. 89ರಿಂದ 93 ಶತಕೋಟಿ ಎಂದು ಹೇಳಿದ್ದ ಮಾರಾಟ 84ಕ್ಕೆ ನಿಲ್ಲುತ್ತದೆ ಎಂದು. ಚೀನಾದಲ್ಲಿ ವ್ಯಾಪಾರ ಕುಗ್ಗಿದ್ದು, ಕಡಿಮೆ ಬೆಲೆಗೆ ಬ್ಯಾಟರಿ ಬದಲಾಯಿಸಿಕೊಂಡು ಹಳೆಯ ಫೋನನ್ನೇ ಮುಂದುವರಿಸಿದವರು, ಎಲ್ಲವೂ ಆ ಪತ್ರದಲ್ಲಿದ್ದವು. ಮರುದಿನ ಷೇರು ಶೇಕಡಾ 10ರಷ್ಟು ಬಿತ್ತು. ತಿಂಗಳ ಕೊನೆಯಲ್ಲಿ ಬಂದ ಪೂರ್ಣ ಲೆಕ್ಕದಲ್ಲಿ ಐಫೋನಿನ ಹಣ ಶೇಕಡಾ 15 ಇಳಿದಿತ್ತು. ಅದೇ ಪ್ರಕಟಣೆಯ ತಲೆಬರಹದ ಹತ್ತಿರ ಪ್ರತಿ ಷೇರಿನ ಗಳಿಕೆ 4.18 ಡಾಲರ್, ಸಾರ್ವಕಾಲಿಕ ದಾಖಲೆ ಎಂದಿತ್ತು. ಒಟ್ಟು ಲಾಭ ಹಿಂದಿನ ವರ್ಷಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಹಾಗಾದರೆ ದಾಖಲೆ ಹೇಗೆ? ಕಂಪನಿ ತನ್ನ ಷೇರುಗಳನ್ನೇ ವಾಪಸ್ ಕೊಂಡು ಸಂಖ್ಯೆ ಕಡಿಮೆ ಮಾಡಿತ್ತು. ಅದೇ ಹಪ್ಪಳವನ್ನು ಕಡಿಮೆ ಜನರಿಗೆ ಹಂಚಿದಾಗ ತುಂಡು ದೊಡ್ಡದಾಗುತ್ತದೆ.

ಯಾವ ಪ್ರದೇಶದಲ್ಲಿ ಎಷ್ಟು ಮಾರಾಟವಾಯಿತು ಎಂಬ ಪುಟವನ್ನೂ ಓದುವ ಅಭ್ಯಾಸ ನನ್ನದು. ಅಲ್ಲಿ ಭಾರತಕ್ಕೆ ಸ್ವಂತ ಸಾಲಿಲ್ಲ. ಆ್ಯಪಲ್‌ನ ಲೆಕ್ಕದಲ್ಲಿ "ಯುರೋಪ್" ಎಂದರೆ ಯುರೋಪಿನ ದೇಶಗಳು, ಜೊತೆಗೆ ಭಾರತ, ಮಧ್ಯಪ್ರಾಚ್ಯ ಮತ್ತು ಆಫ್ರಿಕಾ. 2025ರ ಸೆಪ್ಟೆಂಬರ್ 2ರಂದು ಬೆಂಗಳೂರಿನ ಹೆಬ್ಬಾಳದಲ್ಲಿ ತೆರೆದ ಅವರ ಮಳಿಗೆಯಲ್ಲಿ ನಮ್ಮ ಪಕ್ಕದ ಮನೆಯವರು ಕೊಂಡ ಫೋನು ಯುರೋಪಿನ ಮಾರಾಟ. ಭಾರತದಲ್ಲಿ ದಾಖಲೆ ಎಂದು ಸಭೆಯಲ್ಲಿ ಆಗಾಗ ಹೇಳುತ್ತಾರೆ, ಎಷ್ಟರ ದಾಖಲೆ ಎಂಬ ಸಂಖ್ಯೆ ಆ ಪುಟದಲ್ಲಿ ಇರುವುದಿಲ್ಲ. ಇನ್ನು ಕೋಲಾರದ ನರಸಾಪುರದಲ್ಲೋ ದೇವನಹಳ್ಳಿಯಲ್ಲೋ ಜೋಡಣೆಯಾಗಿ ಅಮೆರಿಕದಲ್ಲಿ ಮಾರಾಟವಾದ ಫೋನು ಅಮೆರಿಕದ ಸಾಲಿಗೆ ಹೋಗುತ್ತದೆ. ಆ ಜೂನ್ ತ್ರೈಮಾಸಿಕದಲ್ಲಿ ಅಮೆರಿಕದಲ್ಲಿ ಮಾರುವ ಐಫೋನುಗಳಲ್ಲಿ ಹೆಚ್ಚಿನವು ಭಾರತದಲ್ಲಿ ತಯಾರಾದವಾಗಿರುತ್ತವೆ ಎಂಬ ನಿರೀಕ್ಷೆಯನ್ನು ಕುಕ್ 2025ರ ಮೇ 1ರಂದು ಹೇಳಿದಾಗ, ಇಲ್ಲಿನ ತಯಾರಿಕೆ ಮತ್ತು ಇಲ್ಲಿನ ಮಾರಾಟ ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಸಂಭ್ರಮಿಸಿದ ಬರಹಗಳನ್ನು ಓದಿದೆ. ನರಸಾಪುರದಲ್ಲಿ ಕೆಲಸ ಮಾಡುವ ಹೆಣ್ಣುಮಗಳ ಸಂಬಳಕ್ಕೂ ಹೆಬ್ಬಾಳದ ಗಿರಾಕಿಯ ಜೇಬಿಗೂ ಇರುವ ದೂರ ದೊಡ್ಡದು. ಆ ಎರಡು ಲೆಕ್ಕಗಳನ್ನು ಬೇರೆ ಬೇರೆಯಾಗಿಯೇ ಓದುವುದು ಅವಳಿಗೆ ಸಲ್ಲಿಸಬೇಕಾದ ನ್ಯಾಯ ಎಂದು ನನಗೆ ಅನ್ನಿಸುತ್ತದೆ.

ಅಪ್ಪಯ್ಯ 2021ರಲ್ಲಿ ತೀರಿಕೊಂಡರು. ಅಂಗಡಿ ಅದಕ್ಕೂ ಮೊದಲೇ ಮುಚ್ಚಿತ್ತು. ಕಿರ್ದಿ ಪುಸ್ತಕಗಳನ್ನು ನಾನು ಬೆಂಗಳೂರಿಗೆ ತಂದಿಟ್ಟುಕೊಂಡಿದ್ದೇನೆ.

2024ರ ಫೆಬ್ರವರಿಯಲ್ಲಿ ಬಂದ ಫಲಿತಾಂಶ ಹೇಳಿತು: ಮಾರಾಟ 119.6 ಶತಕೋಟಿ, ಶೇಕಡಾ 2ರಷ್ಟು ಏರಿಕೆ. ಈ ಸಲ ಯಾರೂ ನೆನಪಿಸಬೇಕಾಗಲಿಲ್ಲ. ಹಿಂದಿನ ವರ್ಷದ 117.2 ಶತಕೋಟಿಗೆ 14 ವಾರ. ವಾರಕ್ಕೆ ಭಾಗಿಸಿದರೆ ಏರಿಕೆ ಶೇಕಡಾ 10ರ ಹತ್ತಿರ. ಆದರೆ ಆ ಹಿಂದಿನ ವರ್ಷ ಚೀನಾದ ಝೆಂಗ್‌ಝೌ ಕಾರ್ಖಾನೆ ಕೋವಿಡ್‌ನಿಂದ ತತ್ತರಿಸಿ, ಬೇಕೆಂದವರಿಗೆ ಐಫೋನ್ 14 ಪ್ರೊ ಸಿಗದೆ ಹೋಗಿತ್ತು. ಹೆಚ್ಚಿನ ಒಂದು ವಾರವಿದ್ದೂ ಮಾರಾಟ ಅದರ ಹಿಂದಿನ ವರ್ಷಕ್ಕಿಂತ ಶೇಕಡಾ 5 ಕಡಿಮೆಯಾಗಿತ್ತು. ತಗ್ಗಿನಿಂದ ಅಳೆದ ಎತ್ತರ ಅದು. ಹಾಗಾಗಿ ಇನ್ನೂ ಒಂದು ಪುಟ ಹಿಂದಕ್ಕೆ ಹೋದೆ. 2021ರ ಡಿಸೆಂಬರಿನ 13 ವಾರಗಳಲ್ಲಿ 123.9 ಶತಕೋಟಿ. 2023ರ ಡಿಸೆಂಬರಿನ 13 ವಾರಗಳಲ್ಲಿ 119.6. ಸಮ ದಿನ, ಸಮ ಋತು, ಎರಡು ವರ್ಷದ ನಂತರ ಸ್ವಲ್ಪ ಕಡಿಮೆ. ಮೂರೂ ಸಂಖ್ಯೆಗಳನ್ನು ಬರೆದುಕೊಂಡು ಫೋನ್ ಕೈಗೆತ್ತಿಕೊಂಡೆ, ಮತ್ತೆ ಕೆಳಗಿಟ್ಟೆ.

ನನ್ನದೂ ಈಗ ಒಂದು ಪುಸ್ತಕವಿದೆ, ಕಂಪನಿಗಳ ಫಲಿತಾಂಶ ಬರೆದಿಡಲು. ಕ್ಯಾಲೆಂಡರ್ ಹಾಕಿ ನೋಡಿದರೆ 2027ರ ಸೆಪ್ಟೆಂಬರಿನ ಕೊನೆಯ ಶನಿವಾರ 25ನೇ ತಾರೀಖು, 2028ರದ್ದು 30ನೇ ತಾರೀಖು. ನಡುವೆ 371 ದಿನ, 53 ವಾರ. 2028ರ ಆರಂಭದಲ್ಲಿ ಬರಬೇಕಾದ ಡಿಸೆಂಬರ್ ತ್ರೈಮಾಸಿಕದ ಲೆಕ್ಕಕ್ಕೆ ಒಂದು ಪುಟ ಖಾಲಿ ಬಿಟ್ಟಿದ್ದೇನೆ. ಅದರ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ "ಅಧಿಕ" ಎಂದು ಈಗಲೇ ಬರೆದಿಟ್ಟಾಗಿದೆ.